ಖಾಲಿ ಗ್ಲಾಸಿಗೆ ಮೂಗಿಟ್ಟವನು
ತಾತ ಕಲ್ಲುಗುಡ್ಡ ಅಗೆದು ದ್ರಾಕ್ಷಿ ಬಳ್ಳಿ ಹಬ್ಬಿಸಿದವನು. ಅಪ್ಪ ಪೀಪಾಯಿಗೆ ಕಿವಿಗೊಟ್ಟೇ ಒಳಗಿನ ರಸದ ಹದ ಹೇಳುತ್ತಿದ್ದವನು. ಈತ ಅದೇ ವೈನರಿಯ ರುಚಿ ನೋಡುವ ಕೋಣೆಯಲ್ಲಿ ಕರಿಕೋಟು ತೊಟ್ಟು ಸಿರಿವಂತರ ಗ್ಲಾಸಿಗೆ ವೈನ್ ಸುರಿಯುವವನು. ಸುರಿಯುವುದು ಎರಡೇ ಗುಟುಕು, ಮಾತು ಮಾತ್ರ ಕೊಡಗಟ್ಟಲೆ. “ಕುಡೀಬೇಡಿ ಸಾರ್, ಮೊದ್ಲು ಮೂಸಿ! ಮಾಗಿದ ನೇರಳೆ ಸಿಗುತ್ತೆ, ಅದರ ಹಿಂದೇನೇ ಒದ್ದೆ ಮಣ್ಣು!” ಬಂದವರು ಕಣ್ಣು ಮುಚ್ಚಿ ತಲೆದೂಗುತ್ತಾರೆ. ಆದರೆ ಕಳೆದ ವರ್ಷದ ಜ್ವರ ಅವನ ಮೂಗಿನ ಶಕ್ತಿಯನ್ನೇ ಕಿತ್ತುಕೊಂಡು ಹೋಗಿದೆ, ಹೇಳುವುದೆಲ್ಲ ನೆನಪಿನಿಂದ. ಗಿರಾಕಿಗಳು ಹೋದಮೇಲೆ ಖಾಲಿ ಗ್ಲಾಸುಗಳಿಗೆ ಮೂಗಿಟ್ಟು, ತೀರಿಹೋದ ಅಪ್ಪನ ಅಂಗಿಗೆ ಸದಾ ಅಂಟಿರುತ್ತಿದ್ದ ವೈನಿನ ವಾಸನೆಗಾಗಿ ಹುಡುಕುತ್ತಾನೆ. ಗ್ಲಾಸು ತೊಳೆಯುವ ಸೊಸೆ, “ಮಾವ, ನಾನು ಮೂಸಿ ಹೇಳ್ಲಾ?” ಎಂದರೆ, “ಬೇಡ ತಾಯಿ. ನೀನು ನಮ್ಮಪ್ಪನ್ನ ನೋಡಿಲ್ಲ. ನಾನೇ ಹುಡುಕ್ತೀನಿ ಬಿಡು.”