ಸುಣ್ಣದ ಗುರುತಿನ ಸೀಸೆ

ಭಾವನವರ ವಿಷಯ ನಾನು ಮೊದಲು ಕೇಳಿದ್ದು ಬಸ್ ನಿಲ್ದಾಣದ ಬೆಂಚಿನ ಮೇಲೆ. ನನ್ನನ್ನು ಮದುವೆಯಾಗುವವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದೆ.

"ಅಣ್ಣ, ಅತ್ತಿಗೆ, ನಾನು. ಬೇರೆ ಯಾವ ಕಟ್ಟುಪಾಡೂ ಇಲ್ಲ. ನೆಲಮಾಳಿಗೆ ಮೆಟ್ಟಿಲ ಮೇಲೆ ಮಾತ್ರ ಧಡಧಡ ಅಂತ ಇಳೀಬೇಡ."

"ಯಾಕೆ, ಮಕ್ಕಳು ಮಲಗಿರ್ತಾರಾ?"

"ಮಕ್ಕಳಿಲ್ಲ. ಸೀಸೆಗಳು ಮಲಗಿರ್ತವೆ."

ತಮಾಷೆ ಮಾಡುತ್ತಿದ್ದಾರೆಂದು ನಕ್ಕೆ. ಅವರು ನಗಲಿಲ್ಲ.

ಭಾವನವರದು ಬೀಗ ರಿಪೇರಿಯ ಅಂಗಡಿ, ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ. ಗೋಡೆ ತುಂಬ ಬೀಗದ ಕೈಗಳು, ಕಿಟಕಿಯ ಹತ್ತಿರ ಅರ ಉಜ್ಜುವ ಮೇಜು. ಬೆರಳುಗಳಲ್ಲಿ ಕಬ್ಬಿಣದ ಪುಡಿ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಹಳೆಯ ಮನೆಗಳಲ್ಲಿ ವಯಸ್ಸಾದವರು ತೀರಿಕೊಂಡರೆ ಬೀಗದ ಕೈ ಎಲ್ಲಿಟ್ಟಿದ್ದಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಆಗ ಮಕ್ಕಳು, ಮೊಮ್ಮಕ್ಕಳು ಬಂದು ಇವರನ್ನು ಕರೆದುಕೊಂಡು ಹೋಗುತ್ತಿದ್ದರು. ಬೀಗ ಬಿಚ್ಚಿದರೆ ಕತ್ತಲ ಮೂಲೆಯಲ್ಲಿ ಒಂದೋ ಎರಡೋ ಸೀಸೆ, ಮೇಲೆ ಬೆರಳುದ್ದ ಧೂಳು. "ಈ ಕಸ ಬೇಕಾದ್ರೆ ನೀವೇ ತಗೊಂಡ್ಹೋಗಿ" ಎನ್ನುತ್ತಿದ್ದರು ಅವರು. ಭಾವ ಅದನ್ನು ಕೂಸಿನ ಹಾಗೆ ಅಡ್ಡಡ್ಡ ತೋಳಿನ ಮೇಲಿಟ್ಟುಕೊಂಡು ನಡೆದೇ ಬರುತ್ತಿದ್ದರು. ಬಸ್ಸು ಕುಲುಕುತ್ತದೆಂದು ಹತ್ತುತ್ತಿರಲಿಲ್ಲ. "ತಮ್ಮ ರಿಪೇರಿ ಮಾಡಿದ ಬಸ್ಸಿನ ಮೇಲೆ ಅಣ್ಣನಿಗೇ ನಂಬಿಕೆ ಇಲ್ಲ" ಎಂದು ನನ್ನ ಮನೆಯವರು ಗೊಣಗುತ್ತಿದ್ದರು.

ಆ ಸೀಸೆಗಳಲ್ಲಿದ್ದದ್ದು ಎಂಥ ವೈನ್ ಎಂದು ನನಗೆ ತಿಳಿಸಿಕೊಟ್ಟವಳು ನನ್ನ ಓರಗಿತ್ತಿ, ಅಂದರೆ ಭಾವನವರ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. "ದ್ರಾಕ್ಷಿ ರಸ ಹುಳಿ ಬರ್ತಾ ಇರುವಾಗಲೇ ಬ್ರಾಂದಿ ಸುರಿದುಬಿಡ್ತಾರಂತೆ ಕಣೆ. ಹುಳಿಯೋದು ಅಲ್ಲಿಗೇ ನಿಂತುಹೋಗುತ್ತೆ. ಸಿಹಿ ಹಾಗೇ ಉಳ್ಕೊಳ್ಳುತ್ತೆ. ನಮಗಿಂತ ಜಾಸ್ತಿ ಬಾಳುತ್ತೆ."

ಅಂಥ ಸೀಸೆಯನ್ನು ಮಲಗಿಸಿಯೇ ಇಡಬೇಕು. ನಿಲ್ಲಿಸಿದರೆ ಬಿರಡೆ ಒಣಗಿ ಗಾಳಿ ಒಳಗೆ ಹೋಗುತ್ತದೆ. ಮಲಗಿದ ಮಗ್ಗುಲಲ್ಲಿ ವರ್ಷಗಟ್ಟಲೆ ಗಷ್ಟು ಕೂತು ಚಕ್ಕೆ ಕಟ್ಟಿರುತ್ತದೆ, ಮಗ್ಗುಲು ಬದಲಾದರೆ ಅದೆಲ್ಲ ಕದಡುತ್ತದೆ. ಅದಕ್ಕೆ ಮೇಲುಗಡೆ ಸುಣ್ಣದಲ್ಲಿ ಒಂದು ಗುರುತು ಹಾಕುತ್ತಾರೆ. ಸೀಸೆಯನ್ನು ಎತ್ತಿ ನಿಲ್ಲಿಸುವುದು ಬಿರಡೆ ತೆಗೆಯಬೇಕೆಂದು ನಿಶ್ಚಯಿಸಿದ ಮೇಲೆ ಮಾತ್ರ. ಒಂದೆರಡು ದಿನ ನಿಂತರೆ ಗಷ್ಟು ತಳಕ್ಕೆ ಇಳಿಯುತ್ತದೆ. ಆಮೇಲೆ ಮೇಣದಬತ್ತಿಯ ಬೆಳಕಿಗೆ ಕತ್ತು ಹಿಡಿದು ನಿಧಾನವಾಗಿ ಗಾಜಿನ ಹೂಜಿಗೆ ಬಗ್ಗಿಸಬೇಕು. ಈ ಮನೆಯಲ್ಲಿ ಈಗ ನಿಂತಿರುವ ಸೀಸೆ ಒಂದೇ ಒಂದು. ಅದರ ಮಾತು ಆಮೇಲೆ.

ಅಕ್ಕನನ್ನು ಮದುವೆಯಾದ ಹೊಸದರಲ್ಲಿ ಭಾವ ಯಾವುದೋ ಮನೆಯ ಬೀಗ ಬಿಚ್ಚಲು ಹೋದಾಗ ದೀಪ ಹಿಡಿಯಲು ಅಕ್ಕನೂ ಹೋಗಿದ್ದಳಂತೆ. ಅಲ್ಲಿ ಸಿಕ್ಕಿದ ಸೀಸೆಗೆ ಕುಂಚ ಇರಲಿಲ್ಲವೆಂದು ತೇವಕ್ಕೆ ಮೆತ್ತಗಾಗಿದ್ದ ಗೋಡೆಯ ಸುಣ್ಣಕ್ಕೆ ಬೆರಳು ಒತ್ತಿ ಅವಳೇ ಗುರುತು ಹಾಕಿದಳು. "ಇದು ನಂದು. ಇಬ್ಬರಿಗೂ ಹಲ್ಲು ಬಿದ್ದ ಮೇಲೆ ಕುಡಿಯೋಣ" ಎಂದಳಂತೆ. ಅವಳ ಬೆರಳಿನ ಗೆರೆಗಳು ಆ ಸುಣ್ಣದಲ್ಲಿ ಇವತ್ತಿಗೂ ಕಾಣುತ್ತವೆ. ಅಕ್ಕ ಹೋದಾಗ ಅವಳ ಹಲ್ಲು ಒಂದೂ ಬಿದ್ದಿರಲಿಲ್ಲ. ಹೊಟ್ಟೆಯಲ್ಲಿ ಗೆಡ್ಡೆ. ಮಣ್ಣು ಮಾಡಿ ಬಂದ ಭಾವ ಕೈಕಾಲು ತೊಳೆದು, ಯಾರೋ ಬಿಟ್ಟುಹೋಗಿದ್ದ ಬೀಗ ಬಿಚ್ಚಿ ಕೂತರು.

ಆಮೇಲೆ ನನ್ನ ಮನೆಯವರೂ ಹೋದರು. ಡಿಪೋದಿಂದ ಬಂದು ಊಟಕ್ಕೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರು. ನಾನು ಮೊದಲು ಎದ್ದುಹೋಗಿ ಒಲೆ ಆರಿಸಿದೆ. ಏಕೆಂದು ಈಗಲೂ ತಿಳಿಯದು. ಆ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಅಡುಗೆ ಮಾಡುತ್ತಿದ್ದೆ, ಅವರು ಉಣ್ಣುತ್ತಿದ್ದರು. ಅಳು ಬರಲಿಲ್ಲ, ನಗುವೂ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಮಾತ್ರ ಇಬ್ಬರು ಬರುತ್ತಿದ್ದರು. ಒಬ್ಬರು ಹಲ್ಲಿನ ಡಾಕ್ಟರು, ಇನ್ನೊಬ್ಬರು ಬೇಕರಿಯವರು. ಸೀಸೆಯ ರುಚಿ ನೋಡಿ, ಒಳಗಿನ ವೈನ್ ಬದುಕಿದೆಯೋ ಕೆಟ್ಟು ಸತ್ತಿದೆಯೋ ಎಂದು ತೀರ್ಪು ಹೇಳುವವರು ಭಾವ. ಅವರ ಮೂಗಿನ ಮೇಲೆ ಆ ಇಬ್ಬರಿಗೆ ಅಷ್ಟು ನಂಬಿಕೆ.

ಒಂದು ಚಳಿಗಾಲ ಭಾವನವರಿಗೆ ಕೆಟ್ಟ ಜ್ವರ ಬಂದು ಹೋಯಿತು. ಅದಾದ ಮೇಲೆ ಒಂದು ದಿನ ನಾನು ಹಿತ್ತಲಿನಿಂದ ಬರುತ್ತೇನೆ, ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆ. ಭಾವ ಅಂಗಡಿಯಲ್ಲಿ ಅಡುಗೆಮನೆಗೆ ಬೆನ್ನು ಹಾಕಿ ಕೂತು ಅರ ಉಜ್ಜುತ್ತಿದ್ದಾರೆ.

"ಭಾವ, ಮೂಗು ಅಡವಿಟ್ಟಿದ್ದೀರಾ?"

ಅವರು ತಿರುಗಿ ನೋಡಿದರು. ಅರ ಕೆಳಗಿಟ್ಟರು. "ಹೋಗಿದೆ ತಂಗಿ. ಜ್ವರದ ಜೊತೆ ಹೋಯ್ತು. ನಾಲಿಗೇನೂ ಅಷ್ಟೇ. ಅವರಿಬ್ಬರಿಗೆ ಹೇಳ್ಬೇಡ, ಬರೋದು ನಿಲ್ಲಿಸಿಬಿಡ್ತಾರೆ."

ಅಂದಿನಿಂದ ಭಾನುವಾರ ಆ ಇಬ್ಬರು ಬರುವ ಮೊದಲೇ ಭಾವ ನನ್ನ ಮೂಗಿನ ಕೆಳಗೆ ಲೋಟ ಹಿಡಿಯುತ್ತಿದ್ದರು.

"ನನಗೇನು ಗೊತ್ತಾಗುತ್ತೆ ಭಾವ?"

"ಗೊತ್ತಾಗೋದು ಬೇಡ. ಮೂಗಿಗೆ ಬಂದದ್ದು ಹೇಳು."

"ಒಣ ದ್ರಾಕ್ಷಿ. ಸೀದ ಸಕ್ಕರೆ. ಆಮೇಲೆ... ಚರ್ಮದ ಚಪ್ಪಲಿ."

ಅದನ್ನೇ ಅವರು ಹೊರಗೆ ಹೇಳುತ್ತಿದ್ದರು. "ಚಪ್ಪಲಿ!" ಎಂದು ಡಾಕ್ಟರು ನಗುತ್ತಿದ್ದರು. "ಎಡಗಾಲಿಂದೋ ಬಲಗಾಲಿಂದೋ ಅದನ್ನೂ ಹೇಳಿಬಿಡಿ."

ಹೀಗೇ ನಡೆಯುತ್ತಿತ್ತು. ಒಂದು ಭಾನುವಾರ ಬೇಕರಿಯವರು ಹೇಳದೆ ಕೇಳದೆ ತಮ್ಮದೊಂದು ಸೀಸೆ ತಂದರು. ಅಜ್ಜನ ಅಟ್ಟದಲ್ಲಿ ಸಿಕ್ಕಿತಂತೆ. ಅಲ್ಲೇ ತೆಗೆದು ಬಗ್ಗಿಸಿದರು. ಅಡುಗೆಮನೆ ಬಾಗಿಲಲ್ಲಿದ್ದ ನನಗೇ ವಾಸನೆ ಬಡಿಯಿತು, ಮಳೆಯಲ್ಲಿ ನೆನೆದ ಗೋಣಿಚೀಲದ್ದು. ಭಾವ ನನ್ನ ಕಡೆ ನೋಡಲಿಲ್ಲ. ಗುಟುಕು ಕುಡಿದು ಕಣ್ಣು ಮುಚ್ಚಿದರು.

"ಒಣ ದ್ರಾಕ್ಷಿ. ಸೀದ ಸಕ್ಕರೆ. ಇನ್ನೂ ಗಟ್ಟಿಮುಟ್ಟಾಗಿದೆ."

ಬೇಕರಿಯವರ ಲೋಟ ಬಾಯಿಯ ಹತ್ತಿರ ನಿಂತುಹೋಯಿತು. ಇಬ್ಬರೂ ಮುಖ ಮುಖ ನೋಡಿಕೊಂಡರು. "ಹೌದು, ಗಟ್ಟಿಯಾಗಿದೆ" ಎಂದು ಡಾಕ್ಟರು ಲೋಟ ಬರಿದು ಮಾಡಿದರು. ಬೇಕರಿಯವರೂ ಔಷಧಿಯ ಹಾಗೆ ಎತ್ತಿ ಕುಡಿದರು.

ಹೋಗುವಾಗ ಬಾಗಿಲ ಬಳಿ ಬೇಕರಿಯವರು ಮೆಲ್ಲಗೆ ಕೇಳಿದರು, "ಯಾವಾಗಿನಿಂದಮ್ಮ?"

"ಆ ಜ್ವರದಿಂದ. ತಿಳಿದ್ರೆ ನೀವು ಬರೋಲ್ಲ ಅಂದ್ಕೊಂಡಿದ್ದಾರೆ."

"ನಾವು ವೈನಿಗೆ ಬರ್ತೀವಿ ಅಂದ್ಕೊಂಡ್ರಾ?" ಎಂದು ಚಪ್ಪಲಿ ಮೆಟ್ಟಿಕೊಂಡರು. "ಸ್ವಲ್ಪ ವೈನಿಗೂ ಬರ್ತಿದ್ವಿ, ಬಿಡಿ."

ನಾನು ಲೋಟ ತೊಳೆಯುವಾಗ ಭಾವ ಬಂದು ನಿಂತರು. "ಕೆಟ್ಟಿತ್ತಾ?"

"ಕೆಟ್ಟಿತ್ತು. ಒದ್ದೆ ಗೋಣಿಚೀಲ."

"ಪಾಪ. ಪೂರ್ತಿ ಕುಡಿದ್ರಲ್ಲ."

ಆಮೇಲೆ ಬಂದ ಭಾನುವಾರಗಳಲ್ಲಿ ಭಾವ ಒಂದೊಂದೇ ಸೀಸೆ ಆ ಇಬ್ಬರಿಗೆ ಕೊಟ್ಟು ಕಳಿಸಿದರು. ನೆಲಮಾಳಿಗೆಯಲ್ಲಿ ಕೊನೆಗೆ ಉಳಿದದ್ದು ಅಕ್ಕನ ಸೀಸೆ.

"ಇದನ್ನೂ ತೆಗೀರಿ, ನಾವೆಲ್ಲ ಇರುವಾಗಲೇ" ಎಂದರು ಡಾಕ್ಟರು. "ಈಗ ನಿಮ್ಮ ಬಾಯಲ್ಲಿ ಒಂದು ಹಲ್ಲೂ ಇಲ್ಲ. ನಾನೇ ಕಿತ್ತಿದ್ದೀನಿ, ನಾನೇ ಸಾಕ್ಷಿ."

"ತೆಗೆದು ಏನ್ಮಾಡ್ಲಿ? ಅವಳ ಸೀಸೆನ ನೀರು ಕುಡಿದ ಹಾಗೆ ಕುಡೀಲಾ?"

"ಹಾಗಾದ್ರೆ ಯಾರಿಗೆ ಅಂತ ಇಡ್ತೀರಿ?"

ಭಾವ ಮೇಜಿನ ಮೇಲಿದ್ದ ಬೀಗ ಎತ್ತಿಕೊಂಡು ಅರ ಉಜ್ಜತೊಡಗಿದರು. ಮುಂದೆ ಎಷ್ಟು ಸಲ ಕೇಳಿದರೂ ಅದೇ. ನಾನೂ ಒಮ್ಮೆ ಕೇಳಿ ಸುಮ್ಮನಾದೆ. ಕೆಳಗೆ ಹೋಗಿ ಸೀಸೆ ನೋಡಿ ಬರುತ್ತಿದ್ದರು, ಅದರ ಧೂಳೂ ಒರೆಸುತ್ತಿರಲಿಲ್ಲ.

ಮೆಟ್ಟಿಲು ಇಳಿಯಲಾಗದ ಕಾಲ ಬಂದ ಮೇಲೆ ಅಂಗಡಿಯ ಒಳಗಿನ ಕೋಣೆಯಲ್ಲೇ ಹಾಸಿಗೆ ಹಾಕಿದೆ. ಉಸಿರು ಎಳೆದು ಎಳೆದು ಬಿಡುತ್ತಿದ್ದರು. ಒಂದು ಬೆಳಿಗ್ಗೆ ನನ್ನ ಗಮನ ತಪ್ಪಿ ಮತ್ತೆ ಹಾಲು ಸೀಯಿತು. ಪಾತ್ರೆ ಉಜ್ಜುತ್ತ ಕೂತಿದ್ದೆ. ಒಳಗಿನಿಂದ ಕೂಗಿದರು.

"ಹಾಲು ಸೀದಿದೆಯಾ?"

ಓಡಿಹೋದೆ. "ವಾಸನೆ ಬಂತಾ ಭಾವ?"

"ಎಲ್ಲಿ ಬಂತು. ನೀನು ಪಾತ್ರೆ ಕೆರೀತಿರೋ ಸದ್ದು ಕೇಳಿಸ್ತು."

ಆಮೇಲೆ ಹೇಳಿದರು, "ಅವಳ ಸೀಸೆ ಮೇಲಕ್ಕೆ ತಗೊಂಡ್ಬಾ. ಇಲ್ಲಿ ಎತ್ತಿ ನಿಲ್ಲಿಸು."

"ತೆಗೆಯೋದಕ್ಕಾ?"

"ಗಷ್ಟು ಇಳೀಲಿ. ಭಾನುವಾರ ಅವರೂ ಬರ್ತಾರೆ. ನೀನು ಕುಡಿದು ನನಗೆ ಹೇಳು, ಇದ್ದದ್ದು ಇದ್ದ ಹಾಗೆ. ಸತ್ತಿದ್ರೆ ಸತ್ತಿದೆ ಅನ್ನು."

ಅಲ್ಲಿ ಬೇರೆ ಯಾವ ಸೀಸೆಯೂ ಮಲಗಿರಲಿಲ್ಲ, ಆದರೂ ಮೆಲ್ಲಗೆ ಹೆಜ್ಜೆಯಿಟ್ಟು ಇಳಿದೆ. ತೋಳಿನ ಮೇಲೆ ಅಡ್ಡಡ್ಡ ಮಲಗಿಸಿಕೊಂಡೇ ತಂದೆ. ಹಾಸಿಗೆಯ ಪಕ್ಕದ ಮೇಜಿನ ಮೇಲಿದ್ದ ಬೀಗಗಳನ್ನು ಸರಿಸಿ ನಿಲ್ಲಿಸಿದೆ.

ಭಾವ ತಲೆಯನ್ನು ಸ್ವಲ್ಪ ಎತ್ತಿ ನೋಡಿದರು.

"ಈ ಕಡೆಗೆ ತಿರುಗಿಸು ತಂಗಿ. ಅವಳ ಬೆರಳಿನ ಗುರುತು ನನಗೆ ಕಾಣ್ಲಿ."