ಗುಮಾಸ್ತರ ಕ್ಯಾಮೆರಾ
ಶಾಲೆಯ ಗುಮಾಸ್ತರಿಗೆ ನಲವತ್ತೈದನೇ ವಯಸ್ಸಿನಲ್ಲಿ ಕ್ಯಾಮೆರಾ ಹುಚ್ಚು ಹಿಡಿಯಿತು. ಅದರ ಬೆನ್ನಿಗೇ ಸಿಟ್ಟೂ ಹಿಡಿಯಿತು. ಮೊದಲ ವರ್ಷದ ಓಟದ ಪಂದ್ಯದಲ್ಲಿ ಅವರಿಗೆ ಸಿಕ್ಕಿದ್ದು ಬರೀ ಹಿಮ್ಮಡಿಗಳು. ಈಗ ಮಂಡಿಯೂರಿ, ಮಕ್ಕಳ ಮುಖದ ಎತ್ತರಕ್ಕೆ ಕ್ಯಾಮೆರಾ ಹಿಡಿದು, ಓಡುವವರು ಗೆರೆ ಮುಟ್ಟುವ ಒಂದು ಹೆಜ್ಜೆ ಮೊದಲೇ ಗುಂಡಿ ಒತ್ತಬೇಕೆಂದು ಕಲಿತಿದ್ದಾರೆ. ಆದರೆ ಸರಿಯಾಗಿ ಅದೇ ಗಳಿಗೆಗೆ ಯಾರದೋ ತಂದೆ "ಓಡು ಕಂದಾ!" ಎನ್ನುತ್ತ ಅಡ್ಡ ನುಗ್ಗುತ್ತಾನೆ. "ಸ್ವಾಮಿ, ನಿಮ್ಮ ಬೆನ್ನಿನ ಫೋಟೊ ನನ್ನ ಹತ್ರ ಹದಿನಾಲ್ಕಿದೆ, ಇನ್ನೂ ಬೇಕಾ?" ಎಂದು ಗುಮಾಸ್ತರು ಹರಿಹಾಯುತ್ತಾರೆ. ಮುಖ್ಯ ಅತಿಥಿಯ ಕೊಡೆ, ಮುಖ್ಯೋಪಾಧ್ಯಾಯರ ಹೊಟ್ಟೆ, ಅಡ್ಡ ಬಂದದ್ದು ಯಾವುದನ್ನೂ ಅವರು ಬಿಟ್ಟವರಲ್ಲ. "ಹೆತ್ತವರಿಗೆ ಕೂತು ನೋಡೋಕೆ ಏನು ಧಾಡಿ?" ಎಂದು ಮೈದಾನಕ್ಕೆಲ್ಲ ಕೇಳುವಂತೆ ಗೊಣಗುತ್ತಾರೆ. ಈ ವರ್ಷ ಅವರ ಮಗಳೂ ಓಡಿದಳು. ಆರು ಜನರಲ್ಲಿ ಐದನೆಯವಳಾದಳು. ಸಂಜೆ ಹೆಂಡತಿ ಕ್ಯಾಮೆರಾದಲ್ಲಿ ಒಂದೊಂದೇ ಚಿತ್ರ ಸರಿಸುತ್ತ ಹುಡುಕಿದರು. ಬೇರೆ ಓಟಗಳೆಲ್ಲ ಇದ್ದವು, ಮಗಳ ಓಟವೊಂದೇ ಇರಲಿಲ್ಲ. "ಎಲ್ರೀ ಇವಳು?" ಎಂದು ಕೇಳಿದರು. ಕೂಗಿ ಕೂಗಿ ಗಂಟಲು ಕಟ್ಟಿಹೋಗಿದ್ದ ಗುಮಾಸ್ತರು ಒಡಕು ದನಿಯಲ್ಲೇ ರೇಗಿದರು: "ಮಗಳು ಓಡ್ತಿದ್ರೆ ಯಾರಾದ್ರೂ ಫೋಟೊ ತೆಗೀತಾ ಕೂರ್ತಾರೇನೇ?"