ದೊಡ್ಡಮ್ಮ ನಿಲ್ಲಿಸಿದ ಕಡೆಯೆಲ್ಲ ಗೀರು

ಹಳೆಯ ವಿಸಿಆರ್ ಬಿಸಿಯಾದಾಗ ಒಂದು ವಾಸನೆ ಬರುತ್ತದೆ. ಕಾದ ಧೂಳು, ಪ್ಲಾಸ್ಟಿಕ್ಕು, ಜೊತೆಗೆ ಇಸ್ತ್ರಿಯಡಿಯ ಒದ್ದೆ ಬಟ್ಟೆಯದೂ ಸ್ವಲ್ಪ. ಕೊನೆಯದು ನನ್ನ ಭ್ರಮೆಯಿರಬೇಕು, ಟೆಕ್ಸಾಸಿನ ರಿಚರ್ಡ್‌ಸನ್ನಿನ ನನ್ನ ಅಪಾರ್ಟ್‌ಮೆಂಟಿನಲ್ಲಿ ಇಸ್ತ್ರಿಪೆಟ್ಟಿಗೆಯೇ ಇಲ್ಲ. ಆದರೂ ಮೊನ್ನೆ ವಿಸಿಆರ್‌ನ ಸ್ವಿಚ್ ಹಾಕಿದೊಡನೆ, ಹೂಸ್ಟನ್ ಪಕ್ಕದ ಮಿಸೌರಿ ಸಿಟಿಯ, ಈಗ ಮಾರಿಹೋಗಿರುವ ಮನೆ, ಅದರ ಹಿಂದಿನ ಕೋಣೆ, ಕಿಟಕಿಯ ಪಕ್ಕದ ಹೊಲಿಗೆ ಮೆಷಿನ್ನು, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡ ದೊಡ್ಡಮ್ಮ, ಎಲ್ಲವೂ ಮಧ್ಯಾಹ್ನದ ಬಿಸಿಲಿನಲ್ಲಿ ತೇಲಿಬಂದವು.

ಅಪ್ಪ ಅಮ್ಮ ಹೂಸ್ಟನ್ನಿನ ಆಫೀಸುಗಳಲ್ಲಿ ಕಳೆದುಹೋದ ವರ್ಷಗಳಲ್ಲಿ ನನ್ನನ್ನು ಸಾಕಿದವಳು ದೊಡ್ಡಮ್ಮ, ಅಮ್ಮನ ಅಕ್ಕ. ಮಕ್ಕಳಿಲ್ಲದವಳು. ಹೂಸ್ಟನ್ನಿನ ಹಿಲ್‌ಕ್ರಾಫ್ಟ್ ಬೀದಿಯ ಸೀರೆ ಅಂಗಡಿಗಳ ಗಿರಾಕಿಗಳಿಗೆ ರವಿಕೆ ಹೊಲಿಯುತ್ತಿದ್ದಳು. ಆಂಟಿಯರೆಲ್ಲ ಕೇಳುತ್ತಿದ್ದದ್ದು ಒಬ್ಬಳೇ ಹಿಂದಿ ನಟಿಯ ರವಿಕೆ. ಕಪ್ಪು-ಬಿಳುಪಿನ ಕಾಲದಿಂದ ಬಣ್ಣದ ಕಾಲದವರೆಗೆ ಮೆರೆದವಳು. ದೊಡ್ಡಮ್ಮ ಕ್ಯಾಸೆಟ್ ಹಾಕಿ, ನಟಿ ಬೆನ್ನು ತಿರುಗಿಸಿದ ಕಡೆ ನಿಲ್ಲಿಸಿ, ರವಿಕೆಯ ಕತ್ತಿನ ಅಂಚನ್ನು ಸೀಮೆಸುಣ್ಣದಿಂದ ಬಟ್ಟೆಯ ಮೇಲೆ ಇಳಿಸುತ್ತಿದ್ದಳು. ಹಾಗಾಗಿ ಆ ನಟಿಯ ಇಡೀ ಬದುಕನ್ನು ನಾನು ಕಲಿತದ್ದು ತೋಳುಗಳಿಂದ. ಮೊದಲು ಪಫ್ ತೋಳಿನ ಹಳ್ಳಿ ಹುಡುಗಿ, ಆಮೇಲೆ ತೋಳೇ ಇಲ್ಲದ ಶ್ರೀಮಂತರ ಮಗಳು, ಕೊನೆಗೆ ಮೊಣಕೈವರೆಗೆ ಬಿಳಿ ರವಿಕೆಯ ತಾಯಿ. "ತಾಯಿ ಪಾತ್ರಕ್ಕೆ ಬಂದ್ಮೇಲೆ ಅವಳ ರವಿಕೆ ಯಾರೂ ಕೇಳಲ್ಲ ಕಣೆ," ಎಂದು ದೊಡ್ಡಮ್ಮ, ಸ್ವಂತ ತಂಗಿಯ ಕೆಲಸ ಹೋದ ಹಾಗೆ ನಿಟ್ಟುಸಿರಿಡುತ್ತಿದ್ದಳು.

ಮುದ್ದು ಮಾತ್ರ ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಮಡಿಲಿಗೆ ಹೋದರೆ, "ಏಳೇ, ಸೂಜಿ ಚುಚ್ಚುತ್ತೆ. ಮುದ್ದು ಮಾಡೋದು ನಿಮ್ಮಮ್ಮನ ಡ್ಯೂಟಿ, ನಾನು ಬರೀ ದೊಡ್ಡಮ್ಮ." ನಾನು ಇಂಗ್ಲಿಷಿನಲ್ಲಿ ಗೋಳಾಡಿದರೆ, "ಅಳೋದಾದ್ರೆ ಕನ್ನಡದಲ್ಲಿ ಅಳು." ನಾನು ಅವಳಿಗೆ ಬೇಕಾದವಳೋ, ಸುಮ್ಮನೆ ಗಂಟುಬಿದ್ದವಳೋ ಎಂಬ ಪ್ರಶ್ನೆ, ಹೋದ ವರ್ಷ ಅವಳು ತೀರಿಹೋದ ಮೇಲೂ ನನ್ನನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಸ್ಕೂಲ್ ಬಸ್ಸಿಗೆ ಮುಂಚೆ ಮಾತ್ರ ನನ್ನ ತೆಳು ಕೂದಲು ತುಂಬಿಕೊಂಡು ಕಾಣಲೆಂದು ಮೂರರ ಬದಲು ನಾಲ್ಕು ಕಾಲಿನ ಜಡೆ ಹೆಣೆಯುತ್ತಿದ್ದಳು. ಇದನ್ನು ಎಲ್ಲಿ ಕಲಿತೆ ಎಂದರೆ, "ಬಾಯಿ ಮುಚ್ಕೊಂಡು ನೆಟ್ಟಗೆ ಕೂತ್ಕೋ," ಅಷ್ಟೇ ಉತ್ತರ.

ಆ ಸಿನಿಮಾಗಳೆಲ್ಲ ಈಗ ಫೋನಿನಲ್ಲೇ ಸಿಗುತ್ತವೆ, ತೊಳೆದಿಟ್ಟ ಹಾಗೆ ಸ್ವಚ್ಛವಾಗಿ. ನನಗೆ ಅವು ಬೇಡ. ಅವಳ ಕ್ಯಾಸೆಟ್ಟುಗಳಲ್ಲಿ, ಅವಳು ಮತ್ತೆ ಮತ್ತೆ ನಿಲ್ಲಿಸಿದ ಕಡೆಯೆಲ್ಲ ಟೇಪು ಸವೆದು ಬಿಳಿ ಗೀರು ಬಿದ್ದಿದೆ. ನಟಿ ಬೆನ್ನು ತಿರುಗಿಸುತ್ತಾಳೆ, ಗೀರು. ಸೆರಗು ಸರಿಮಾಡಿಕೊಳ್ಳುತ್ತಾಳೆ, ಗೀರು. ಆ ಗೀರು ಬಂದಾಗಲೆಲ್ಲ ದೊಡ್ಡಮ್ಮ ರಿಮೋಟ್ ಹಿಡಿದು ನನ್ನ ಪಕ್ಕದಲ್ಲೇ ಕೂತಿರುತ್ತಾಳೆ.

ಮೊನ್ನೆ ಹಾಕಿದ್ದು ಆ ತಾಯಿ ಪಾತ್ರದ ಸಿನಿಮಾ. ಯಾರೂ ಕೇಳದ ರವಿಕೆ, ಇದರಲ್ಲಿ ದೊಡ್ಡಮ್ಮ ಸಿಗುವುದಿಲ್ಲ ಅಂದುಕೊಂಡೇ ಕೂತೆ. ಅರ್ಧ ಸಿನಿಮಾ ಒಂದೂ ಗೀರಿಲ್ಲದೆ ಹೋಯಿತು. ಆಮೇಲೆ ಬಿಳಿ ರವಿಕೆಯ ತಾಯಿ ಜಗಲಿಯಲ್ಲಿ ಕೂತು ಮಗಳ ತಲೆ ಬಾಚತೊಡಗಿದಳು, ಪರದೆಯ ತುಂಬ ಗೀರು. ಇನ್ಯಾವ ಕ್ಯಾಸೆಟ್ಟೂ ಇಷ್ಟು ಸವೆದಿರಲಿಲ್ಲ. ನಟಿಯ ಮುಖವೇ ಕಾಣಲಿಲ್ಲ. ಬೆರಳುಗಳಷ್ಟೇ ಕಂಡವು, ಕೂದಲನ್ನು ನಾಲ್ಕು ಪಾಲು ಮಾಡುತ್ತಿದ್ದವು.

ಯಾವ ಗಿರಾಕಿಗೂ ಬೇಡದ ಸಿನಿಮಾವನ್ನು ಅವಳು ನನಗೋಸ್ಕರ ನಿಲ್ಲಿಸಿದ್ದಳು. ಅಳು ಬಂತು, ಕನ್ನಡದಲ್ಲೇ. ಈಗ ನನ್ನದು ಕತ್ತರಿಸಿದ ಕೂದಲು, ಜಡೆಗೆ ಸಿಗುವಷ್ಟಿಲ್ಲ. ಆದರೂ ನೆಟ್ಟಗೆ ಕೂತೆ.